ಮೇಲೆ 15, ಕೆಳಗೆ 9

ಅಮೆರಿಕದ ಯೂಟಾ ರಾಜ್ಯ, ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನ. ಫ್ರೀಮಾಂಟ್ ಹೊಳೆಯ ಪಕ್ಕದಲ್ಲಿ ಫ್ರೂಟಾ ಎಂಬ ಕ್ಯಾಂಪ್‌ಗ್ರೌಂಡ್. ಸುತ್ತ ಕೆಂಪು ಕಲ್ಲಿನ ಕಡಿದಾದ ಗೋಡೆಗಳು, ನಡುವೆ ಹಣ್ಣಿನ ತೋಟಗಳು. ಆಗಸ್ಟ್ ಕೊನೆಯ ಒಂದು ಸಂಜೆ. ಮಾತಾಡುತ್ತಿರುವವರು ಮೈಸೂರಿನಿಂದ ಬಂದ ಚಿಕ್ಕಮ್ಮ ಮತ್ತು ಸಾಲ್ಟ್ ಲೇಕ್ ಸಿಟಿಯಲ್ಲಿ ನೆಲೆಸಿರುವ ಅವರ ಅಕ್ಕನ ಮಗ.

— ಇದೇನೋ, ಇದ್ದಿಲನ್ನ ಹೀಗೆ ಒಂದೊಂದಾಗಿ ಎಣಿಸ್ತಿದ್ದೀಯ? ಅಷ್ಟು ತುಟ್ಟಿಯಾ ನಿಮ್ಮಲ್ಲಿ?

— ತುಟ್ಟಿ ಅಂತಲ್ಲ ಚಿಕ್ಕಮ್ಮ. ಲೆಕ್ಕ ತಪ್ಪಿದ್ರೆ ತಳ ಸೀದು ಹೋಗುತ್ತೆ, ಮೇಲಿನ ಹಿಟ್ಟು ಹಸಿಯಾಗೇ ಉಳಿಯುತ್ತೆ. ಈ ಎರಕದ ಪಾತ್ರೆಯ ಅಡ್ಡಗಲ 12 ಇಂಚು. ಅದಕ್ಕೆ 3 ಕೂಡಿದ್ರೆ 15, ಅಷ್ಟು ಬಿಲ್ಲೆ ಮುಚ್ಚಳದ ಮೇಲೆ. 3 ಕಳೆದ್ರೆ 9, ಅಷ್ಟು ತಳದಲ್ಲಿ. ಹಾಗಿಟ್ಟರೆ ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬಿಸಿ ನಿಲ್ಲುತ್ತೆ. ಕೇಕು, ಬ್ರೆಡ್ಡು ಎಲ್ಲಕ್ಕೂ ಅದೇ ಹದ. ಚಿಕ್ಕದು 10 ಇಂಚಿನದು. ಅದರಲ್ಲೂ ಏನಾದ್ರೂ ಬೇಕ್ ಮಾಡೋದಾದ್ರೆ ಮೇಲೆ 13, ಕೆಳಗೆ 7.

— ಬೆಂಕಿಗೂ ಕೂಡೋ ಕಳೆಯೋ ಲೆಕ್ಕ ಇದೆ ಅಂತ ಈಗಲೇ ಕೇಳ್ತಿರೋದು. ನಮ್ಮಮ್ಮ ಸೌದೆಯನ್ನ ಸ್ವಲ್ಪ ಹೊರಕ್ಕೆ ಎಳೆದ್ರೆ ಉರಿ ಸಣ್ಣದಾಗ್ತಿತ್ತು, ಒಳಕ್ಕೆ ತಳ್ಳಿದ್ರೆ ದೊಡ್ಡದಾಗ್ತಿತ್ತು. ಅಷ್ಟೇ ಲೆಕ್ಕ.

— ಅಜ್ಜಿ ಒಲೆ ಮುಂದೆ ಕೂತೇ ಇರ್ತಿದ್ರು, ಅದಕ್ಕೆ ನಡೀತಿತ್ತು. ಸೌದೆಯಲ್ಲಿ ಒಂದು ಒಣಗಿರುತ್ತೆ, ಒಂದು ಹಸಿ. ಒಂದು ಹುಣಸೆ, ಒಂದು ಸರ್ವೆ. ಬರೀ ಮರ ಸುಟ್ಟು ಮಾಡಿದ ಇದ್ದಿಲೂ ಹಾಗೇ, ಒಂದು ಚೂರು ಅಂಗೈಯಗಲ, ಇನ್ನೊಂದು ಹೆಬ್ಬೆರಳಷ್ಟು. ಇವು ಹಾಗಲ್ಲ. ಮರದ ಪುಡಿಯನ್ನ ಗಾಳಿಯಾಡದ ಹಾಗೆ ಸುಟ್ಟು ಇದ್ದಿಲು ಮಾಡಿ, ಆ ಪುಡಿಗೆ ಗಂಜಿಯ ಅಂಟು ಸೇರಿಸಿ, ಅಚ್ಚಲ್ಲಿ ಒತ್ತಿ ಒಣಗಿಸಿರ್ತಾರೆ. ಒಂದೊಂದು ಬಿಲ್ಲೆಯೂ ಹೆಚ್ಚುಕಡಿಮೆ ಅಷ್ಟೇ ತೂಕ, ಅಷ್ಟೇ ಬಿಸಿ, ಅಷ್ಟೇ ಹೊತ್ತು ಉರಿಯುತ್ತೆ. ಅದಕ್ಕೇ ಎಣಿಸೋಕಾಗೋದು.

— ಯಾರಿಗೆ ಹೊಳೀತಪ್ಪ ಹೀಗೆ ಅಚ್ಚು ಹಾಕೋದು?

— ಪೆನ್ಸಿಲ್ವೇನಿಯಾದ ಎಲ್ಸ್‌ವರ್ತ್ ಜ್ವಾಯರ್ ಅನ್ನೋರು 1897ರಲ್ಲೇ ಪೇಟೆಂಟ್ ತಗೊಂಡಿದ್ರು. ಆದ್ರೆ ಮನೆಮನೆಗೆ ತಲುಪಿಸಿದ್ದು ಹೆನ್ರಿ ಫೋರ್ಡ್. ಆಗಿನ ಅವರ ಮಾಡೆಲ್ ಟಿ ಕಾರಿನಲ್ಲಿ ಮರದ ಭಾಗಗಳು ತುಂಬಾ ಇದ್ವು. ಆ ಮರಕ್ಕೋಸ್ಕರ ಮಿಷಿಗನ್ ರಾಜ್ಯದ ಐರನ್ ಮೌಂಟನ್ ಹತ್ರ ಕಾಡು ಕೊಂಡು, ಸಾಮಿಲ್ ಹಾಕಿದ್ರು. ಕೊಯ್ದು ಉಳಿದ ಚೂರು, ಹೊಟ್ಟು ಬೆಟ್ಟದಷ್ಟಾಯ್ತು. 1920ರ ದಶಕದಲ್ಲಿ ಅದನ್ನೇ ಇದ್ದಿಲ ಬಿಲ್ಲೆ ಮಾಡಿ, ಕಾರು ಮಾರೋ ಅಂಗಡಿಗಳಲ್ಲೇ ಮಾರಿದ್ರು. ಕಾರಿದ್ದೋರು ಊರಾಚೆ ಹೋಗ್ತಾರೆ, ಊರಾಚೆ ಹೋದೋರು ಅಡುಗೆ ಮಾಡ್ಕೋತಾರೆ. ಫೋರ್ಡ್‌ಗೆ ಕಾಡಲ್ಲಿ ಡೇರೆ ಹಾಕೋದು ಬಹಳ ಇಷ್ಟ. 1918ರ ಬೇಸಿಗೆಯಲ್ಲಿ ಎಡಿಸನ್, ಟೈರಿನ ಫೈರ್‌ಸ್ಟೋನ್, ಬರಹಗಾರ ಜಾನ್ ಬರೋಸ್ ಎಲ್ಲರನ್ನೂ ಕೂಡ್ಕೊಂಡು ಅಪಲಾಚಿಯನ್ ಬೆಟ್ಟಗಳನ್ನ ಸುತ್ತಿದ್ರು, ಅಡುಗೆ ಸಾಮಾನಿಗೆ ಬೇರೆ ವಾಹನ ಕಟ್ಕೊಂಡು. ಫೋರ್ಡ್‌ಗೆ ಆ ಕಾಡು ಹುಡುಕಿಕೊಟ್ಟ ನೆಂಟ ಎಡ್ವರ್ಡ್ ಕಿಂಗ್ಸ್‌ಫರ್ಡ್. ಇವತ್ತಿಗೂ ಇದ್ದಿಲ ಚೀಲದ ಮೇಲೆ ಇರೋದು ಅವರ ಹೆಸರೇ.

— ಹೊಟ್ಟು ವ್ಯರ್ಥವಾಗದ ಹಾಗೆ ಮಾಡಿದ್ದು ಒಳ್ಳೇದೇ. ಅದಿರಲಿ, ಈ ತಗಡಿನ ಡಬ್ಬ ಯಾಕೆ?

— ಹೊತ್ತಿಸೋಕೆ. ತಳದಲ್ಲಿ ಹಳೇ ಪೇಪರ್, ಜಾಲರಿ ಮೇಲೆ ಇದ್ದಿಲು. ಪೇಪರಿಗೆ ಕಡ್ಡಿ ಗೀರಿದ್ರೆ ಆಯ್ತು. ಬಿಸಿ ಗಾಳಿ ಮೇಲಕ್ಕೆ ಹೋಗ್ತಾ ಹೋಗ್ತಾ ಕೆಳಗಿನ ತೂತುಗಳಿಂದ ಹೊಸ ಗಾಳಿಯನ್ನ ತಾನೇ ಎಳ್ಕೊಳ್ಳುತ್ತೆ. ಊದುಗೊಳವೆ ಬೇಡ, ಬೀಸಣಿಗೆ ಬೇಡ. 15–20 ನಿಮಿಷಕ್ಕೆ ಅಂಚಲ್ಲೆಲ್ಲಾ ಬೂದಿ ಬಣ್ಣ ಬಂದ್ರೆ ಸಿದ್ಧ.

— ಒಂದು ತೊಟ್ಟು ಸೀಮೆಎಣ್ಣೆ ಹಾಕಿದ್ರೆ ಇನ್ನೂ ಬೇಗ ಹತ್ತೋದಲ್ವಾ?

— ಹತ್ತುತ್ತೆ. ಎಣ್ಣೆಯಲ್ಲಿ ಮೊದಲೇ ನೆನೆಸಿದ ಬಿಲ್ಲೆಗಳೂ ಸಿಗ್ತವೆ. ನಾನು ಮುಟ್ಟಲ್ಲ. ಅಡುಗೆ ಅರ್ಧ ಆದಾಗ ಹೊಸ ಕೆಂಡ ಸೇರಿಸಬೇಕಾಗುತ್ತೆ ನೋಡಿ, ಆಗ ಆ ಎಣ್ಣೆಯ ಹೊಗೆಯೆಲ್ಲಾ ಊಟಕ್ಕೆ ಅಂಟುತ್ತೆ. ಒಂದು ಬಿಲ್ಲೆ ಹದವಾಗಿ ಉರಿಯೋದು ಮುಕ್ಕಾಲು ಗಂಟೆ, ಹೆಚ್ಚಂದ್ರೆ ಒಂದು ಗಂಟೆ. ನಾನು ಅರ್ಧ ಗಂಟೆ ಆಗ್ತಿದ್ದ ಹಾಗೆ ಡಬ್ಬದಲ್ಲಿ ಇನ್ನೊಂದಷ್ಟು ಹೊತ್ತಿಸಿಟ್ಕೊಳ್ತೀನಿ.

— ಹಾಗಾದ್ರೆ ಈಗ ಏನೇನು ಅಡುಗೆ, ಹೇಳು. ಈ ಕಬ್ಬಿಣದಲ್ಲಿ ಬಿಸಿಬೇಳೆಬಾತ್ ಅಂದೀಯಾ ಜೋಕೆ. ಹುಣಸೆ ಹುಳಿ ಕಬ್ಬಿಣಕ್ಕೆ ತಾಗಿದ್ರೆ ಕಪ್ಪಾಗುತ್ತೆ, ಒಗರು ಬರುತ್ತೆ.

— ಅದು ಗೊತ್ತಿದ್ದೇ ಖಾರ ಪೊಂಗಲ್ ಅಂದ್ಕೊಂಡೆ, ಚಿಕ್ಕ ಪಾತ್ರೆಯಲ್ಲಿ. ದೊಡ್ಡದರಲ್ಲಿ ಪೀಚ್ ಹಣ್ಣಿನ ಕಾಬ್ಲರ್. ಕೆಳಗೆ ಹಣ್ಣಿನ ಹೋಳು, ಸಕ್ಕರೆ. ಮೇಲೆ ಮೈದಾ, ಬೆಣ್ಣೆ, ಹಾಲು ಕಲಸಿದ ಹಿಟ್ಟು. ಹಣ್ಣಿನ ಹುಳಿ ಅಷ್ಟು ಹೊತ್ತಿಗೆ ಏನೂ ಮಾಡಲ್ಲ, ಆದ್ರೆ ಉಳಿದಿದ್ದನ್ನ ರಾತ್ರಿ ಪಾತ್ರೆಯಲ್ಲೇ ಬಿಡಬಾರದು.

— ಬೆಳಿಗ್ಗೆ ನಾವು ಆರಿಸಿ ತಂದ ಹಣ್ಣೇ ತಾನೆ? ತೋಟದಲ್ಲಿ ನಿಂತು ತಿಂದ್ರೆ ದುಡ್ಡಿಲ್ಲ, ಹೊರಗೆ ತಂದ್ರೆ ತೂಕ ಮಾಡಿ ನಾವೇ ಡಬ್ಬಕ್ಕೆ ದುಡ್ಡು ಹಾಕಬೇಕು ಅಂದ್ಯಲ್ಲ, ಆ ಪದ್ಧತಿ ನನಗೆ ಬಹಳ ಹಿಡಿಸ್ತು.

— 1880ರ ದಶಕದಲ್ಲಿ ಇಲ್ಲಿ ಬಂದು ನೆಲೆಸಿದ ಮಾರ್ಮನ್ ಪಂಥದ ಒಕ್ಕಲುಗಳು ಹಾಕಿದ ತೋಟ. ಊರು ಖಾಲಿಯಾಯ್ತು, ತೋಟವನ್ನ ಉದ್ಯಾನದೋರು ನೋಡ್ಕೋತಿದ್ದಾರೆ. ಈ ಪಾತ್ರೆಯೂ ಆ ಜನ ಗಾಡಿಯಲ್ಲಿ ಹೊತ್ತು ತಂದಿದ್ದೇ. ಯೂಟಾ 1997ರಲ್ಲಿ ಈ ಡಚ್ ಓವನನ್ನ ರಾಜ್ಯದ ಅಡುಗೆ ಪಾತ್ರೆ ಅಂತಲೇ ಘೋಷಿಸಿದೆ. ಇಲ್ಲಿ ಮದುವೆ, ಚರ್ಚಿನ ಊಟ ಅಂದ್ರೆ ಮೂರು ನಾಲ್ಕು ಪಾತ್ರೆ ಒಂದರ ಮೇಲೊಂದು ಇಟ್ಟಿರ್ತಾರೆ. ಕೆಳಗಿನದರ ಮುಚ್ಚಳದ ಕೆಂಡವೇ ಮೇಲಿನದಕ್ಕೆ ತಳದ ಬೆಂಕಿ.

— ಮುಚ್ಚಳದ ಮೇಲೆ ಕೆಂಡ ಇಡೋದು ನಮಗೂ ಹೊಸದಲ್ಲ ಕಣೋ. ಮೈಸೂರಲ್ಲಿ ನಮ್ಮ ಪಕ್ಕದ ಬೀದಿ ಸಾಬರ ಮನೆ ಮದುವೆಯಲ್ಲಿ ಬಿರಿಯಾನಿ ಹಂಡೆಯ ಬಾಯಿಗೆ ಹಿಟ್ಟು ಮೆತ್ತಿ, ಮುಚ್ಚಳದ ಮೇಲೆ ಕೆಂಡ ಸುರೀತಿದ್ರು. ಆದ್ರೆ ನೀನು ಕೆಳಗಿಗಿಂತ ಮೇಲೇ ಜಾಸ್ತಿ ಇಡ್ತಿದ್ದೀಯಲ್ಲ, ಅದ್ಯಾಕೆ?

— ದಮ್‌ನಲ್ಲಿ ಒಳಗೆ ಹಬೆ ಇದೆ, ಅನ್ನ ಮುಕ್ಕಾಲು ಬೆಂದಿರುತ್ತೆ. ಬೇಕ್ ಮಾಡೋದಕ್ಕೆ ಒಣ ಬಿಸಿ ಬೇಕು. ಕೆಳಗಿನ ಕೆಂಡದ ಬಿಸಿ ತಾನಾಗೇ ಏರಿ ಪಾತ್ರೆಗೆ ಬರುತ್ತೆ, ಹಿಟ್ಟೋ ಹಣ್ಣೋ ತಳಕ್ಕೆ ಅಂಟಿಕೊಂಡೇ ಇರುತ್ತೆ. ಹಾಗಾಗಿ ಕಡಿಮೆ ಸಾಕು. ಮೇಲಿನ ಕೆಂಡದ ಬಿಸಿ ಮುಕ್ಕಾಲುವಾಸಿ ಆಕಾಶಕ್ಕೇ ಹೋಗುತ್ತೆ, ಉಳಿದಿದ್ದು ಕಬ್ಬಿಣ ದಾಟಿ, ಒಳಗಿನ ಗಾಳಿ ದಾಟಿ ಹಿಟ್ಟಿನ ಮೇಲ್ಮೈಗೆ ಬರಬೇಕು. ಕುದಿಸೋ ಅಡುಗೆಗೆ ಲೆಕ್ಕ ತಿರುಗಾಮುರುಗಾ, ಕೆಳಗೇ ಜಾಸ್ತಿ. ಕರಿಯೋದಾದ್ರೆ ಎಲ್ಲಾ ಕೆಳಗೇ. ತಳದಲ್ಲೂ ನಡುವೆ ಇಡಬಾರದು, ಬಳೆಯ ಹಾಗೆ ಅಂಚಿಗೆ ಸುತ್ತ ಇಡಬೇಕು.

— ಅದಕ್ಕೇ ಮೂರು ಕಾಲು ಈ ಪಾತ್ರೆಗೆ. ಕೆಂಡಕ್ಕೆ ಗಾಳಿಯೂ ಆಡುತ್ತೆ, ಭಾರಕ್ಕೆ ಕೆಂಡ ಪುಡಿಯೂ ಆಗಲ್ಲ. ಮುಚ್ಚಳಕ್ಕೆ ಕಟ್ಟೆ ಇರೋದು ಬೂದಿ ಒಳಗೆ ಬೀಳದೆ ಇರಲಿ ಅಂತ. ಯೋಚನೆ ಮಾಡಿ ಮಾಡಿದ ಪಾತ್ರೆ ಇದು.

— ಪೊಂಗಲ್ಲಿಗೆ ಅಕ್ಕಿ, ಹೆಸರುಬೇಳೆ ಮಧ್ಯಾಹ್ನವೇ ನೆನೆಹಾಕಿದೀನಿ. ಈ ಜಾಗ ಸಮುದ್ರಮಟ್ಟದಿಂದ ಸುಮಾರು 5,500 ಅಡಿ ಎತ್ತರ. ನಿಮ್ಮ ಮೈಸೂರಲ್ಲಿ ನೀರು 97 ಡಿಗ್ರಿಯ ಹತ್ರ ಕುದಿಯುತ್ತೆ, ಇಲ್ಲಿ 94–95ಕ್ಕೇ. ಎಷ್ಟು ಕೆಂಡ ಸುರಿದ್ರೂ ತೆರೆದ ನೀರಿನ ಬಿಸಿ ಅದರ ಮೇಲೆ ಏರಲ್ಲ. ಬೇಳೆ ಬೇಯೋದು ತಡ.

— ಹಾಗಾದ್ರೆ ನೀರು ಒಂದು ಲೋಟ ಜಾಸ್ತಿ ಇಡು, ತುಪ್ಪ ಒಂದು ಚಮಚ ಈಗಲೇ ಹಾಕು. ಮೆಣಸು ಜೀರಿಗೆ ಒಗ್ಗರಣೆ ನಾನು ಕೊಡ್ತೀನಿ. ಮತ್ತೆ ಈ ಕಾಬ್ಲರಿಗೆ ಏಲಕ್ಕಿ ಹಾಕ್ತೀಯೋ ಇಲ್ವೋ?

— ಇಲ್ಲಿನೋರು ದಾಲ್ಚಿನ್ನಿ ಹಾಕ್ತಾರೆ.

— ಏಲಕ್ಕಿ ಹಾಕು. ಪೀಚಿಗೆ ಅದೇ ಹೊಂದೋದು. ನನ್ನ ಚೀಲದಲ್ಲಿದೆ, ತಗೋ. ಈಗ ಒಂದು ಮಾತು. ಆಗಿನಿಂದ ನೋಡ್ತಿದ್ದೀನಿ, ಹೊಳೆ ಕಡೆಯಿಂದ ಗಾಳಿ ಬೀಸ್ತಿದೆ. ಆ ಕಡೆಯ ಕೆಂಡ ನೋಡು, ಕೆಂಪಗೆ ಧಗಧಗ ಅಂತಿದೆ. ಈ ಕಡೆಯದು ಇನ್ನೂ ಮಂಕು. ನಿನ್ನ 9 ಎಲ್ಲಾ ಒಂದೇ ಸಮ ಎಲ್ಲಿ ಉರೀತಿದೆ?

— ಸರಿಯಾಗಿ ಹಿಡಿದ್ರಿ. ಎಣಿಕೆ ಗಾಳಿ ಇಲ್ಲದ ಹೊತ್ತಿಗೆ ಮಾತ್ರ. ಅದಕ್ಕೇ 15 ನಿಮಿಷಕ್ಕೊಮ್ಮೆ ಪಾತ್ರೆಯನ್ನ ಕಾಲು ಸುತ್ತು ಒಂದು ಕಡೆಗೆ ತಿರುಗಿಸ್ತೀವಿ, ಮುಚ್ಚಳವನ್ನ ಕಾಲು ಸುತ್ತು ಇನ್ನೊಂದು ಕಡೆಗೆ. ಒಂದೇ ಜಾಗಕ್ಕೆ ಒಂದೇ ಕೆಂಡ ಕಾಯ್ತಾ ಇರಲ್ಲ. ಗಾಳಿ ಜೋರಾದ್ರೆ ಬಿಲ್ಲೆ ಬೇಗ ಉರಿದುಹೋಗುತ್ತೆ, ಬಿಸಿಯೂ ಏರುತ್ತೆ. ಚಳಿಗಾಲದ ನೆಲ ಒದ್ದೆಯಿದ್ರೆ ಬಿಸಿಯೆಲ್ಲ ನೆಲವೇ ಹೀರುತ್ತೆ, ಅದಕ್ಕೆ ತಳದಲ್ಲಿ ಕಬ್ಬಿಣದ ತಟ್ಟೆ.

— ಆ ಬಂಡೆಯ ಪಕ್ಕಕ್ಕೆ ಎರಡು ಚಪ್ಪಡಿ ಕಲ್ಲು ನಿಲ್ಲಿಸಿದ್ರೆ ಗಾಳಿ ತಡೀಬಹುದು.

— ಇಲ್ಲಿನ ಕಲ್ಲು ಕದಲಿಸೋ ಹಾಗಿಲ್ಲ ಚಿಕ್ಕಮ್ಮ, ರಾಷ್ಟ್ರೀಯ ಉದ್ಯಾನ ಇದು. ತಗಡಿನ ಮಡಿಚು ಮರೆ ತಂದಿದ್ದೀನಿ, ಅದನ್ನೇ ಇಡೋಣ. ಬೆಂಕಿ ಹಾಕೋದೂ ಅವರು ಮಾಡಿಟ್ಟ ಈ ಕಬ್ಬಿಣದ ಕಟ್ಟೆಯೊಳಗೇ. ಬೇಸಿಗೆ ಬಿರುಸಾದ್ರೆ ನಿರ್ಬಂಧ ಬರುತ್ತೆ. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಇಂಥ ಕಟ್ಟೆಯಲ್ಲಿ ಮಾತ್ರ ಬೆಂಕಿ. ಎರಡನೇ ಹಂತ ಬಂತು ಅಂದ್ರೆ ಇದ್ದಿಲೂ ಇಲ್ಲ, ಕೀಲಿ ತಿರುಗಿಸಿ ಆರಿಸೋ ಗ್ಯಾಸ್ ಒಲೆ ಮಾತ್ರ. ಹೊರಡೋಕೆ ಮುಂಚೆ ವಿಚಾರಿಸ್ದೆ, ಈಗ ಅಡ್ಡಿಯಿಲ್ಲ.

— ಸರಿ. ಇನ್ನು ಈ ಉಳಿದ ಕೆಂಡದಲ್ಲಿ ಬದನೆಕಾಯಿ ಹುದುಗಿಸಿಬಿಡು. ಪೊಂಗಲ್ಲಿಗೆ ಸುಟ್ಟ ಬದನೆಕಾಯಿ ಗೊಜ್ಜು ಬಹಳ ಚೆನ್ನಾಗಿರುತ್ತೆ.

— ಕೆಂಡದೊಳಗೆ ಬೇಡ, ಮೇಲೆ ಜಾಲರಿ ಇಟ್ಟು ಸುಡೋಣ. ಈ ಬಿಲ್ಲೆಗಳಲ್ಲಿ ಮರದ ಇದ್ದಿಲು ಒಂದೇ ಇರಲ್ಲ. ಬೂದಿ ಬೆಳ್ಳಗೆ ಕಾಣ್ಲಿ ಅಂತ ಸುಣ್ಣದಕಲ್ಲಿನ ಪುಡಿ ಹಾಕಿರ್ತಾರೆ, ಕೆಲವು ಕಂಪನಿಯದರಲ್ಲಿ ಕಲ್ಲಿದ್ದಲೂ ಇರುತ್ತೆ. ಅದರ ಬೂದಿ ತರಕಾರಿಗೆ ಮೆತ್ತೋದು ಬೇಡ.

— ಆದ್ರೆ ನಿಜ ಹೇಳ್ತೀನಿ ಕೇಳು. ಇದರಲ್ಲಿ ಸುಟ್ಟ ಬದನೆಕಾಯಿಗೆ ಸೌದೆಯಲ್ಲಿ ಸುಟ್ಟಿದ್ದರ ಘಮ ಬರಲ್ಲ. ಹೊಗೆಯೇ ಇಲ್ವಲ್ಲ.

— ಒಪ್ತೀನಿ. ಹೊಗೆಯ ರುಚಿ ಬೇಕು ಅಂದ್ರೆ ಸೌದೆಗೇ ಹೋಗಬೇಕು, ಇಲ್ಲಾ ಬರೀ ಮರದ ಇದ್ದಿಲಿಗೆ. ಈ ಬಿಲ್ಲೆಯಿಂದ ನಾನು ಘಮ ಕೇಳಲ್ಲ, ಒಂದೇ ಸಮನಾದ ಬಿಸಿ ಕೇಳ್ತೀನಿ. ಮನೆಯ ಓವನ್ನಿನಲ್ಲಿ ಆಗೋ ಅಡುಗೆಯನ್ನ ಕರೆಂಟಿಲ್ಲದ ಬಯಲಲ್ಲಿ ಮಾಡೋಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಮಕ್ಕಳಿಗೂ ಇದನ್ನ ಕಲಿಸಬಹುದು. ‘ಉರಿ ಸಣ್ಣಗಿರಲಿ’ ಅಂದ್ರೆ ಹತ್ತು ವರ್ಷದ ಹುಡುಗನಿಗೆ ತಿಳಿಯಲ್ಲ. ‘ಕೆಳಗಿಂದ ಎರಡು ತೆಗಿ’ ಅಂದ್ರೆ ಇಕ್ಕಳ ಹಿಡ್ಕೊಂಡು ತೆಗೀತಾನೆ. ನನ್ನ ಮಗ ಒಲೆಯ ಹತ್ರ ಬಂದಿದ್ದೇ ಈ ಎಣಿಕೆಯಿಂದ.

— ಅದು ದೊಡ್ಡ ಮಾತು. ನಮ್ಮನೆ ಗಂಡುಮಕ್ಕಳು ಒಲೆ ಹತ್ರ ಸುಳೀತಿರಲಿಲ್ಲ. ಮುಚ್ಚಳ ತೆಗೆದು ನೋಡೋಣ್ವಾ, ಅರ್ಧ ಗಂಟೆ ಆಯ್ತು?

— ತೆಗೀಬೇಡಿ. ಒಂದು ಸಲ ತೆಗೆದ್ರೆ ಒಳಗಿನ ಬಿಸಿಯೆಲ್ಲಾ ಹೋಗುತ್ತೆ, ಮತ್ತೆ ಏರೋಕೆ ಹೊತ್ತು ಬೇಕು.

— ತೆಗೆಯೋದು ಬೇಡ, ಘಮ ಸಾಕು. ಬೆಣ್ಣೆ ಕಾದ ವಾಸನೆ ಬರ್ತಿದೆ, ಹಿಟ್ಟು ಕೆಂಪಗಾದ ವಾಸನೆ ಇನ್ನೂ ಬಂದಿಲ್ಲ. ಇನ್ನು ಹತ್ತು ನಿಮಿಷ ಅಂತ ನನ್ನ ಅಂದಾಜು. ಪೊಂಗಲ್ ಆಯ್ತು, ಸದ್ದು ಬದಲಾಗಿದೆ ಕೇಳು. ನೀರಿನ ಕೊತಕೊತ ನಿಂತು ದಪ್ಪಗೆ ಪುಟ್ ಪುಟ್ ಅಂತಿದೆ. ಕೆಳಗಿನ ಕೆಂಡ ಎಳೆದುಬಿಡು, ಇಲ್ಲಾಂದ್ರೆ ತಳ ಹಿಡಿಯುತ್ತೆ.

— ಎಳೀತೀನಿ. ಹೊತ್ತು ಆಗಿರೋದನ್ನ ನನಗೆ ಗಡಿಯಾರ ಹೇಳಬೇಕು, ನಿಮಗೆ ಕಿವಿ, ಮೂಗು ಹೇಳ್ತವೆ. ಎಣಿಕೆಯಿಂದ ಶುರು ಮಾಡ್ತೀನಿ ನಿಜ, ಮುಗಿಸೋಕೆ ನಿಮ್ಮ ವಿದ್ಯೆಯೇ ಬೇಕು.

— ಆ ಎಳೆದ ಕೆಂಡ ಚೆಲ್ಲಬೇಡ. ರಾತ್ರಿ ಚಳಿ ಏರುತ್ತೆ ಅಂದ್ಯಲ್ಲ, ಒಂದು ತಟ್ಟೆಯಲ್ಲಿ ಹಾಕಿ ಡೇರೆ ಬಾಗಿಲ ಒಳಗೆ ಇಡೋಣ. ಬೆಚ್ಚಗಿರುತ್ತೆ, ಹೊಗೆಯೂ ಇಲ್ಲ.

— ಬೇಡವೇ ಬೇಡ ಚಿಕ್ಕಮ್ಮ. ಡೇರೆಯೊಳಗೂ ಬೇಡ, ಕಾರೊಳಗೂ ಬೇಡ. ಹೊಗೆ ಇಲ್ಲದೆ ಇರೋದೇ ಇದರ ಅಪಾಯ. ಇದ್ದಿಲು ಉರಿಯೋವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದನ್ನ ಹಿಡ್ಕೊಳ್ಳುತ್ತೆ. ಮೊದಲು ತಲೆನೋವು, ಓಕರಿಕೆ, ತಲೆ ಸುತ್ತು. ನಿದ್ದೆಯಲ್ಲಿರೋರಿಗೆ ಅಷ್ಟೂ ಗೊತ್ತಾಗಲ್ಲ, ಎಚ್ಚರ ಆಗದೇ ಹೋಗಿಬಿಡ್ತಾರೆ. ಬೂದಿ ಮುಚ್ಚಿ ಆರಿದ ಹಾಗೆ ಕಾಣೋ ಕೆಂಡದಿಂದಲೂ ಬರುತ್ತೆ. ಇಗೋ ನೋಡಿ ಚೀಲದ ಮೇಲೆ, ಮನೆ, ಡೇರೆ, ಗಾಡಿ ಮೂರರ ಚಿತ್ರಕ್ಕೂ ಅಡ್ಡಗೀಟು ಹಾಕಿದಾರೆ. ಇಲ್ಲಿ ಮಾರೋ ಇದ್ದಿಲ ಚೀಲಕ್ಕೆ ಈ ಎಚ್ಚರಿಕೆ ಕಡ್ಡಾಯ.

— ಡೇರೆಯ ಜಿಪ್ಪು ಸ್ವಲ್ಪ ತೆಗೆದಿಟ್ರೂ?

— ತೆಗೆದಿಟ್ರೂ. ಎಷ್ಟು ತೆಗೆದ್ರೆ ಸಾಕು ಅನ್ನೋದನ್ನ ಯಾರ ಮೂಗೂ ಹೇಳಲಾರದು. ಅಡುಗೆಯಲ್ಲಿ ನಿಮ್ಮ ಮೂಗನ್ನ ನಂಬ್ತೀನಿ, ಇಲ್ಲಿ ಯಾರದನ್ನೂ ನಂಬಲ್ಲ.

— ನೀನು ಹೇಳ್ತಿದ್ರೆ ನನಗೆ ಬೇರೇನೋ ನೆನಪಾಗಿ ಎದೆ ಝಲ್ ಅಂತಿದೆ ಕಣೋ. ನಮ್ಮಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡ್ತೀವಲ್ಲ. ಮಗುವಿಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಡೋದು, ತಾಯಿಗೆ ಬೆಚ್ಚಗಿರಲಿ ಅಂತ ಮಂಚದ ಕೆಳಗೆ ಕೆಂಡ ಇಡೋದು. ನಾನೂ ಇಟ್ಟಿದೀನಿ, ನನಗೂ ಇಟ್ಟಿದ್ರು.

— ಅಜ್ಜಿ ಮನೆ ಹೆಂಚಿನ ಸೂರು ನೆನಪಿದೆಯಲ್ಲ. ಹೆಂಚಿನ ಸಂದಿಯಲ್ಲಿ ಬೆಳಕು ಕಾಣ್ತಿತ್ತು, ಬಾಗಿಲ ಕೆಳಗೆ ಬೆರಳು ತೂರೋಷ್ಟು ಜಾಗ. ಗಾಳಿ ಎಲ್ಲಿಂದಲೋ ಬರ್ತಿತ್ತು, ಎಲ್ಲಿಂದಲೋ ಹೋಗ್ತಿತ್ತು.

— ಈಗ ಎಲ್ಲಿದೆ ಆ ಹೆಂಚು? ಆರ್‌ಸಿಸಿ ಮಾಳಿಗೆ, ಜಾರೋ ಗಾಜಿನ ಕಿಟಕಿ. ಮಗುವಿಗೆ ಶೀತ ಆಗುತ್ತೆ ಅಂತ ಅದನ್ನೂ ಬಿಗಿಯಾಗಿ ಮುಚ್ಚಿರ್ತಾರೆ. ಒಳಗೆ ಕೆಂಡ. ತಲೆನೋವು ಅಂದ್ರೆ ಬಾಣಂತಿಗೆ ಸುಸ್ತು ಅಂದ್ಬಿಡ್ತೀವಿ.

— ಉತ್ತರ ಭಾರತದಲ್ಲಿ ಚಳಿಗಾಲ ಬಂದಾಗಲೆಲ್ಲಾ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿ ಸತ್ತ ಸುದ್ದಿ ಪೇಪರಲ್ಲಿ ಬರುತ್ತೆ. ನಮ್ಮ ಊರಿನ ಚಳಿ ಕಡಿಮೆ, ಕೆಂಡ ಇಡೋದು ಸ್ವಲ್ಪ ಹೊತ್ತು, ಅದಕ್ಕೆ ಅಷ್ಟು ಕೇಳಿಬರಲ್ಲ. ಆದ್ರೆ ಪುಟ್ಟ ಮಗುವಿನ ಉಸಿರಾಟ ನಮಗಿಂತ ಬೇಗ. ಅದರ ಮೈಗೆ ವಿಷವೂ ಬೇಗ ಏರುತ್ತೆ.

— ನಾಳೆ ಬೆಳಿಗ್ಗೆ ಸಿಗ್ನಲ್ ಸಿಗೋ ಜಾಗಕ್ಕೆ ಕರ್ಕೊಂಡು ಹೋಗು. ನಾದಿನಿ ಮಗಳು ಈಗ ಎಂಟು ತಿಂಗಳ ಬಸುರಿ. ಫೋನ್ ಮಾಡಿ ಹೇಳಬೇಕು, ಸಾಂಬ್ರಾಣಿ ಬೇಕೇ ಬೇಕು ಅಂದ್ರೂ ಕೆಂಡ ಹೊರಗೇ ಇರಲಿ, ಬೆಚ್ಚಗಾಗೋಕೆ ಬಟ್ಟೆ, ಬಿಸಿನೀರಿನ ಚೀಲ ಸಾಕು ಅಂತ. ಅವಳತ್ತೆ ಒಪ್ಪಲ್ಲ. ಅವರಿಗೂ ನಾನೇ ಹೇಳ್ತೀನಿ, ನಾನು ಹೇಳಿದ್ರೆ ಕೇಳ್ತಾರೆ.

— ಇವತ್ತು ರಾತ್ರಿಗೆ ನಿಮಗೂ ಬಿಸಿನೀರಿನ ಬಾಟ್ಲಿ ಮಾಡ್ಕೊಡ್ತೀನಿ, ಹೊದಿಕೆಯೊಳಗೆ ಇಟ್ಕೊಳ್ಳಿ. ತಗೊಳ್ಳಿ, ಈಗ ಬಂತು ನೋಡಿ ನಿಮ್ಮ ಕೆಂಪು ಹಿಟ್ಟಿನ ವಾಸನೆ. ಕೊಂಡಿಯಲ್ಲಿ ಎತ್ತುವಾಗ ಮುಚ್ಚಳ ಓರೆಯಾಗಬಾರದು, ನೇರ ಮೇಲಕ್ಕೆ.

— ಅಬ್ಬಾ, ಅಂಚೆಲ್ಲಾ ಹಣ್ಣಿನ ರಸ ಉಕ್ಕಿದೆ. ಹಿಟ್ಟು ಒಂದೇ ಬಣ್ಣ ಬಂದಿದೆ ಸುತ್ತ. ಏಲಕ್ಕಿ ಘಮ ಬಂತಾ?

— ಬಂತು. ಇನ್ನು ಮೇಲೆ ದಾಲ್ಚಿನ್ನಿ ಹಾಕಲ್ಲ. ಚಿಕ್ಕಮ್ಮ, ಈ ಮುಚ್ಚಳ ನೋಡಿ, ತಿರುಗಿಸಿಟ್ರೆ ನಡು ಸ್ವಲ್ಪ ತಗ್ಗು. ಕೆಂಡದ ಮೇಲೆ ಇದೇ ಕಾವಲಿ. ಇಲ್ಲಿನೋರು ಇದರ ಮೇಲೆ ಮೊಟ್ಟೆ, ಪ್ಯಾನ್‌ಕೇಕ್ ಮಾಡ್ತಾರೆ.

— ಅಕ್ಕಿ ರೊಟ್ಟಿ ತಟ್ಟೋಕೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಬಾಂಡ್ಲಿಗೂ ಇದೇ ತಗ್ಗು. ತಣ್ಣಗಿರೋವಾಗಲೇ ಎಣ್ಣೆ ಸವರಿ, ಹಿಟ್ಟು ತಟ್ಟಿ, ಆಮೇಲೆ ಕೆಂಡದ ಮೇಲೆ ಇಡಬೇಕು. ಆದ್ರೆ ಎರಡನೇ ರೊಟ್ಟಿಗೆ ಏನು ಮಾಡ್ತೀಯ? ಕಬ್ಬಿಣ ಕಾದಿರುತ್ತೆ, ಕೈ ಇಡೋಕಾಗಲ್ಲ. ನೀರು ಎರಚಿ ಆರಿಸೋದಾ?

— ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಬಿರುಕು ಬಿಡುತ್ತೆ, ಎರಡು ಹೋಳಾಗೋದೂ ಉಂಟು. ಎರಡು ಪಾತ್ರೆ ಇದೆಯಲ್ಲ, ಎರಡು ಮುಚ್ಚಳ. ಒಂದು ಬೇಯೋವಾಗ ಇನ್ನೊಂದು ಆರಲಿ.

— ಅಥವಾ ಒದ್ದೆ ಬಟ್ಟೆಯ ಮೇಲೆ ತಟ್ಟಿ ಕಾದ ಕಾವಲಿಗೆ ಹಾಕಿದ್ರಾಯ್ತು. ನಾಳೆಗೆ ಸಬ್ಬಸಿಗೆ ಸೊಪ್ಪು ಇಲ್ಲ, ಈರುಳ್ಳಿ ಕ್ಯಾರೆಟ್ಟೇ ಸರಿ. ಊಟ ಮುಗಿಸಿ ಈ ಬೂದಿ ಎತ್ತಿಡು, ಬೆಳಿಗ್ಗೆ ಆ ಗಿಡಗಳ ಬುಡಕ್ಕೆ ಹಾಕೋಣ.

— ಬೇಡ. ನಾನು ಆಗ ಹೇಳಿದ್ನಲ್ಲ, ಇದು ಬರೀ ಮರದ ಬೂದಿಯಲ್ಲ. ಅಲ್ಲದೆ ಈ ಸೀಮೆಯ ಮಣ್ಣೇ ಕ್ಷಾರ, ಬೂದಿ ಸೇರಿದ್ರೆ ಇನ್ನೂ ಏರುತ್ತೆ. ಪೂರ್ತಿ ಆರಿಸಿ, ಮುಚ್ಚಳದ ತಗಡಿನ ಬಕೆಟ್ಟಲ್ಲಿ ತುಂಬ್ಕೊಂಡು ವಾಪಸ್ ಒಯ್ತೀವಿ.

— ಹೊಂಡ ತೋಡಿ ಮಣ್ಣು ಮುಚ್ಚಿದ್ರೆ ಆರಲ್ವಾ?

— ಮಣ್ಣು ಮುಚ್ಚಿದ್ರೆ ಬಿಸಿ ಒಳಗೇ ಉಳಿಯುತ್ತೆ. ಮೇಲೆ ತಣ್ಣಗೆ ಕಾಣುತ್ತೆ, ಮಾರನೇ ದಿನ ಬರಿಗಾಲ ಮಗು ಬಂದು ಅದರ ಮೇಲೆ ಕಾಲಿಡುತ್ತೆ. ಒಣ ಬೇರಿಗೆ ತಾಗಿದ್ರೆ ಅಲ್ಲಿಂದಲೇ ಹೊತ್ತಿಕೊಂಡು ಹೋಗಬಹುದು. ಇಲ್ಲಿ ಹುಲ್ಲೆಲ್ಲಾ ಒಣಗಿ ನಿಂತಿದೆ ನೋಡಿ. ನೀರು ಸುರಿಯೋದು, ಕೋಲಲ್ಲಿ ಕಲಕೋದು, ಮತ್ತೆ ಸುರಿಯೋದು. ಕೊನೆಗೆ ಅಂಗೈಯ ಹಿಂಬದಿಯನ್ನ ಹತ್ರ ಹಿಡಿದು ನೋಡೋದು. ಶಾಖ ಒಂದಿಷ್ಟೂ ಇರಬಾರದು.

— ತಾ ಇಲ್ಲಿ, ನಾನು ಕಲಕ್ತೀನಿ, ನೀನು ಹುಯ್ಯಿ. ಒಂದೇ ಸಲ ಹುಯ್ಯಬೇಡ, ಹಬೆ ಮುಖಕ್ಕೆ ಹೊಡೆಯುತ್ತೆ. ಹಾಂ, ಹಾಗೆ, ಸುತ್ತ ಬರಲಿ. ಮೂಲೆಯಲ್ಲಿ ಎರಡು ಬಿಲ್ಲೆ ಇನ್ನೂ ಇಡಿಯಾಗಿವೆ, ಒಡೀತೀನಿ ಇರು.

— ಸಾಕಾ? ಎರಡು ಬಕೆಟ್ ಆಯ್ತು.

— ಕೈ ಹಿಡಿದು ನೋಡ್ದೆ, ನಡುವಲ್ಲಿ ಇನ್ನೂ ಶಾಖ ಬಡೀತಿದೆ. ನಲ್ಲಿ ಹತ್ರ ಹೋಗಿ ಇನ್ನೊಂದು ಬಕೆಟ್ ತಗೊಂಡು ಬಾ.